ಬುಡ ಮುಟ್ಟಿ ಗುರುತಿಸಿದ ಹುಲ್ಲು

ಅಮೆರಿಕದ ಕ್ಯಾನ್ಸಸ್‌ಗೆ ಬಂದ ಮೇಲೆ ನಾನು ಮೊದಲು ಗುರುತಿಸಲು ಹೊರಟದ್ದು ಲಿಟಲ್ ಬ್ಲೂಸ್ಟೆಮ್ ಹುಲ್ಲನ್ನು. 2010ರಿಂದ ಅದು ಈ ರಾಜ್ಯದ ಅಧಿಕೃತ ಹುಲ್ಲು. ಹೆಸರಿನಲ್ಲೇ ‘ಲಿಟಲ್’ ಇದೆ, ಗಿಡ್ಡಗಿದ್ದರೆ ಅದೇ ಇರಬೇಕೆಂದು ಜುಲೈ ತಿಂಗಳಲ್ಲಿ ಕೊಂಜಾ ಪ್ರೇರಿ ಎಂಬ ಹುಲ್ಲುಗಾವಲಿನ ಕಾಲುದಾರಿಯ ಪಕ್ಕ ಕಂಡ ಮೊಣಕಾಲೆತ್ತರದ ಹುಲ್ಲಿಗೆ ಆ ಹೆಸರು ಬರೆದುಕೊಂಡೆ. ಸೆಪ್ಟೆಂಬರಿನಲ್ಲಿ ಅಲ್ಲಿಗೇ ಹೋಗಿ ನೋಡಿದರೆ ತುದಿಯಲ್ಲಿ ಕೋಳಿಯ ಬೆರಳುಗಳಂತೆ ಮೂರು ಕವಲು ಬಿಚ್ಚಿಕೊಂಡಿದ್ದವು. ಅದು ಬಿಗ್ ಬ್ಲೂಸ್ಟೆಮ್! ಆಳೆತ್ತರ ಮೀರುವ ಆ ಹುಲ್ಲು ತೆಳು ಮಣ್ಣಿನಲ್ಲಿ ಗಿಡ್ಡಗೇ ಉಳಿಯುತ್ತದೆ.

ಅಂದಿನಿಂದ ಎತ್ತರ ನೋಡುವುದನ್ನು ಬಿಟ್ಟೆ. ಮಂಡಿಯೂರಿ ಬುಡ ಮುಟ್ಟುತ್ತೇನೆ. ಲಿಟಲ್ ಬ್ಲೂಸ್ಟೆಮ್‌ನ ಚಿಗುರು ಬುಡದಲ್ಲಿ ಚಪ್ಪಟೆ. ಹೆಬ್ಬೆರಳು, ತೋರುಬೆರಳ ನಡುವೆ ಹೊಸೆದರೆ ಉರುಳುವುದಿಲ್ಲ. ಬಣ್ಣ ಬೂದು ಬೆರೆತ ನೀಲಿ. ಹತ್ತಾರು ಕಡ್ಡಿಗಳು ಒತ್ತೊತ್ತಾಗಿ ಎದ್ದು ಪೊದೆ ಕಟ್ಟುತ್ತವೆ. ಪೊದೆಗಳ ನಡುವೆ ನೆಲ ಕಾಣುತ್ತದೆ.

ತೆನೆ ಬಂದರೆ ಕೆಲಸ ಇನ್ನೂ ಸುಲಭ. ಒಂದು ಕವಲಿಗೆ ಒಂದೇ ತೆನೆ, ಅಂಕುಡೊಂಕು ದಂಟು, ಬಿಳಿ ಕೂದಲು. ಭೂತಗನ್ನಡಿ ಹಿಡಿದರೆ ಪ್ರತಿ ಗೆಣ್ಣಿನಲ್ಲೂ ಕಿರುತೆನೆಗಳ ಒಂದು ಜೋಡಿ: ದಂಟಿಗೆ ಅಂಟಿ ಕುಳಿತು ಬೀಜ ಕಟ್ಟುವುದೊಂದು, ಅದಕ್ಕೆ ಬಾಗಿದ ಮೀಸೆ, ಪುಟ್ಟ ತೊಟ್ಟಿನ ಮೇಲೆ ನಿಂತ ಬಡಕಲು ಇನ್ನೊಂದು. ನಮ್ಮ ಜೋಳದಲ್ಲೂ ಇದೇ ಜೋಡಿ ಇದೆ. ಜೋಳ, ಕಬ್ಬು, ಲಾವಂಚ ಎಲ್ಲ ಈ ಹುಲ್ಲಿನ ಬಳಗವೇ. ಧಾರವಾಡದ ಕಡೆ ಸೀತನಿ, ಅಂದರೆ ಸುಟ್ಟ ಎಳೆ ಜೋಳ, ತಿನ್ನುವಾಗ ಅಂಗೈಯಲ್ಲಿ ತೆನೆ ಉಜ್ಜಿ ಹೊಟ್ಟು ಊದುತ್ತಿದ್ದೆವು. ಆ ಹೊಟ್ಟಿನಲ್ಲಿ ಈ ಬಡಕಲು ಜೊತೆಗಾರನೂ ಹಾರಿಹೋಗುತ್ತಿತ್ತೆಂದು ನನಗೆ ತಿಳಿದದ್ದು ಇಷ್ಟು ದೂರ ಬಂದು.

ಹುಲ್ಲಿನಷ್ಟೇ ಅದು ನಿಂತ ನೆಲವನ್ನೂ ನೋಡಬೇಕು. ಫ್ಲಿಂಟ್ ಹಿಲ್ಸ್‌ನ ಈ ಗುಡ್ಡಗಳಲ್ಲಿ ಸುಣ್ಣಕಲ್ಲು, ಚಕಮಕಿ ಕಲ್ಲು ಮೇಲೆಯೇ ಇವೆ. ನೇಗಿಲು ಇಳಿಯಲಿಲ್ಲ, ಹುಲ್ಲುಗಾವಲು ಉಳಿಯಿತು. ತಗ್ಗಿನ ಆಳ ಮಣ್ಣಿನಲ್ಲಿ ಬಿಗ್ ಬ್ಲೂಸ್ಟೆಮ್‌ನದೇ ಮೇಲುಗೈ; ಒಣ ಇಳಿಜಾರು, ಕಲ್ಲುನೆತ್ತಿಗಳು ಲಿಟಲ್‌ಗೆ ಒಗ್ಗುತ್ತವೆ. ನವೆಂಬರಿನಲ್ಲಿ ಅದು ತಾಮ್ರಗೆಂಪು. ಇಳಿಬಿಸಿಲಿಗೆ ಮುಖ ಮಾಡಿ ನಿಂತರೆ ನೆತ್ತಿಯುದ್ದಕ್ಕೂ ಬಿಳಿ ಕೂದಲು ಹೊಳೆಯುತ್ತದೆ. ಆ ಹೊಳಪು ತೆಳುವಾಗುವಲ್ಲಿಂದ ಕೆಳಗೆ ನಡೆದು, ಮತ್ತೆ ಮಂಡಿಯೂರುತ್ತೇನೆ.