ಸೋಮವಾರ ಬಂತೆಂದರೆ ಚಾಲೂ ಆಗದ ಕಂಪ್ಯೂಟರ್

ಪೂರ್ತಿ ಕೆಟ್ಟ ಕಂಪ್ಯೂಟರ್ ರಿಪೇರಿ ಸುಲಭ. ಒಮ್ಮೆ ಚಾಲೂ ಆಗಿ ಇನ್ನೊಮ್ಮೆ ಆಗದ ಕಂಪ್ಯೂಟರ್ ಇದೆಯಲ್ಲ, ಅದು ತಲೆ ತಿನ್ನುತ್ತದೆ. ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಇಂಥವು ನನಗೆ ಆಗಾಗ ಸಿಗುತ್ತವೆ. ಅದರಲ್ಲಿ ಒಂದರ ಕಥೆ ಪೂರ್ತಿ ಹೇಳುತ್ತೇನೆ.

ಮಿಲ್ಲಿನ ಗುಮಾಸ್ತರು ಫೋನಿನಲ್ಲಿ ಹೇಳಿದ್ದು ಇಷ್ಟು: "ಮುಂಜಾನೆ ಬಟನ್ ಒತ್ತಿದ್ರ ಫ್ಯಾನ್ ಗಿರ್ರ್ ಅಂತ ಒಂದ್ ಸುತ್ತು ತಿರುಗಿ ನಿಂತ್ ಬಿಡ್ತದ್ರೀ. ಏಳೆಂಟು ಸಲ ಒತ್ತಿದ ಮ್ಯಾಲೆ ಚಾಲೂ ಆಗ್ತದ. ಆಮ್ಯಾಲೆ ಇಡೀ ದಿನ ಏನೂ ತಕರಾರಿಲ್ಲ." ಆಗಲೇ ಒಬ್ಬರು ಬಂದು ರ‍್ಯಾಮ್ ಬದಲಿಸಿದ್ದರು. ಇನ್ನೊಬ್ಬರು ಸಿಪಿಯು ಅಂಗಡಿಗೆ ಒಯ್ದು ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟಿದ್ದರು. ಅಂಗಡಿಯಲ್ಲಿ ಚೆನ್ನಾಗಿಯೇ ಓಡಿತ್ತು. ಮಿಲ್ಲಿಗೆ ತಂದ ಮೇಲೆ ಮತ್ತೆ ಅದೇ ರಾಗ.

ನಾನು ಹೋದ ಕೂಡಲೇ ಸ್ಕ್ರೂಡ್ರೈವರ್ ಹಿಡಿಯಲಿಲ್ಲ. ಮೊದಲು ಟ್ಯಾಲಿ ಡೇಟಾ ಪೆನ್‌ಡ್ರೈವ್‌ಗೆ ತೆಗೆದುಕೊಂಡೆ. ಕರೆಂಟ್ ತೆಗೆದು ಹಾಕಿ ಪರೀಕ್ಷೆ ಮಾಡುವಾಗ ಹಾರ್ಡ್‌ಡಿಸ್ಕ್‌ಗೆ ಪೆಟ್ಟು ಬೀಳಬಹುದು. ಭತ್ತದ ಸೀಸನ್ನಿನ ಲೆಕ್ಕ ಹೋದರೆ ಕಂಪ್ಯೂಟರ್ ರಿಪೇರಿ ಆಗಿ ಏನು ಪ್ರಯೋಜನ ಅಲ್ವಾ? ಆಮೇಲೆ ಗುಮಾಸ್ತರ ಪಕ್ಕ ಕುರ್ಚಿ ಹಾಕಿಕೊಂಡು ಬರೀ ಪ್ರಶ್ನೆ ಕೇಳಿದೆ. ಯಾವ ದಿನ ಜಾಸ್ತಿ ಸತಾಯಿಸುತ್ತದೆ? ಊಟಕ್ಕೆ ಹೋಗುವಾಗ ಬಂದ್ ಮಾಡಿದರೆ ಏನಾಗುತ್ತದೆ? ರಾತ್ರಿ ಗೋಡೆಯ ಸ್ವಿಚ್ ಆರಿಸುತ್ತೀರಾ?

ಕೊನೆಯ ಪ್ರಶ್ನೆಗೆ ಸಿಕ್ಕ ಉತ್ತರದಲ್ಲೇ ಎಲ್ಲ ಇತ್ತು. ದಿನಾ ರಾತ್ರಿ ವಾಚ್‌ಮನ್ ಆಫೀಸಿನ ಮೇನ್ ಆರಿಸುತ್ತಾನೆ. ಭಾನುವಾರ ಇಡೀ ದಿನ ಬಂದ್. ತಕರಾರು ಜೋರಾಗುವುದು ಸೋಮವಾರ, ಅದೂ ಥಂಡಿ ದಿನಗಳಲ್ಲಿ. ಊಟದ ಹೊತ್ತಿಗೆ ಬಂದ್ ಮಾಡಿ ಮತ್ತೆ ಹಾಕಿದರೆ ಒಂದೇ ಒತ್ತಿಗೆ ಚಾಲೂ.

ಮಿಲ್ಲಿನ ದೊಡ್ಡ ಮೋಟಾರ್ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ ಎಂದು ಸಾವ್ಕಾರರಿಗೆ ಗುಮಾನಿ ಇತ್ತು. ನ್ಯಾಯವಾದ ಗುಮಾನಿಯೇ. ಆದರೆ ಮೋಟಾರ್ ಹಾಕುವ ಮೊದಲೂ ಕಂಪ್ಯೂಟರ್ ಹೀಗೇ ಮಾಡುತ್ತಿತ್ತು. ಪ್ಲಗ್ಗಿನಲ್ಲಿ ವೋಲ್ಟೇಜ್, ಅರ್ಥಿಂಗ್ ಎರಡೂ ನೋಡಿದೆ, ಸರಿ ಇದ್ದವು. ಹಾಗಾಗಿ ಅದನ್ನು ಬಿಟ್ಟೆ.

ತಣ್ಣಗಿದ್ದಾಗ ಆಗದೆ ಬಿಸಿಯಾದ ಮೇಲೆ ಆಗುತ್ತದೆ ಎಂದರೆ ನನ್ನ ಕಣ್ಣು ಮೊದಲು ಹೋಗುವುದು ಎಸ್‌ಎಂಪಿಎಸ್ ಕಡೆಗೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿಯ ಕಡೆಗೆ. ಅದರೊಳಗೆ ಕರೆಂಟ್ ಹಿಡಿದಿಟ್ಟು ವೋಲ್ಟೇಜ್ ಅಲುಗದಂತೆ ನೋಡಿಕೊಳ್ಳುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿವೆ, ಅವುಗಳಲ್ಲಿ ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಇದ್ದು ಅದು ಒಣಗುತ್ತದೆ. ಒಳಗಿನ ರೆಸಿಸ್ಟೆನ್ಸ್ ಏರುತ್ತದೆ, ಥಂಡಿಯಲ್ಲಂತೂ ಇನ್ನೂ ಜಾಸ್ತಿ. ಸ್ವಲ್ಪ ಬೆಚ್ಚಗಾದರೆ ಹೇಗೋ ಕೆಲಸ ಮಾಡುತ್ತದೆ. ಗೋಡೆಯ ಸ್ವಿಚ್ ಹಾಕಿಯೇ ಇದ್ದರೆ ಕಂಪ್ಯೂಟರ್ ಬಂದ್ ಇದ್ದಾಗಲೂ ಸ್ಟ್ಯಾಂಡ್‌ಬೈ ಎಂಬ 5 ವೋಲ್ಟ್ ಹರಿಯುತ್ತಾ ಇರುತ್ತದೆ, ಒಳಗಿನ ಭಾಗ ಪೂರ್ತಿ ತಣ್ಣಗಾಗುವುದಿಲ್ಲ. ಅಂಗಡಿಯಲ್ಲಿ ತೊಂದರೆ ಕಾಣದಿರಲು ಇದೇ ಕಾರಣ. ಅಲ್ಲಿ ಯಾರೂ ಮೇನ್ ಆರಿಸಿರಲಿಲ್ಲ.

ಇದನ್ನು ಸುಮ್ನೆ ನಂಬಬಾರದು, ತೋರಿಸಬೇಕು. ಒಂದು ಸೋಮವಾರ ಮುಂಜಾನೆ, ಯಾರೂ ಬಟನ್ ಮುಟ್ಟುವ ಮೊದಲೇ ಹೋದೆ. ಮೇನ್ ಹಾಕಿ, ಮದರ್‌ಬೋರ್ಡ್‌ನ 24 ಪಿನ್ ಕನೆಕ್ಟರ್ ಹಿಂಬದಿಯಿಂದ ಮಲ್ಟಿಮೀಟರ್ ಕಡ್ಡಿ ತೂರಿಸಿದೆ. ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ನೇರಳೆ ವೈರಿಗೆ. ಅದೇ ಸ್ಟ್ಯಾಂಡ್‌ಬೈ. ಸುಮ್ಮನಿದ್ದಾಗ 4.9 ತೋರಿಸಿತು. ಬಟನ್ ಒತ್ತಿದ ಕ್ಷಣ 4.4ಕ್ಕೆ ಬಿದ್ದು ಮತ್ತೆ ಏರಿತು. ಐದು ವೋಲ್ಟ್ ಲೈನ್ 4.75ಕ್ಕಿಂತ ಕೆಳಗೆ ಇಳಿಯಬಾರದು. ಬೂದು ವೈರಿನಲ್ಲಿ ಬರಬೇಕಾದ 'ಪವರ್ ಗುಡ್' ಸಿಗ್ನಲ್ ನಿಲ್ಲಲೇ ಇಲ್ಲ. ಆ ಸಿಗ್ನಲ್ ಬಾರದೆ ಬೋರ್ಡ್ ಪ್ರೊಸೆಸರ್ ಅನ್ನು ಶುರು ಮಾಡುವುದಿಲ್ಲ.

ಪ್ಲಗ್ ಕಿತ್ತೆ. ಸಾವ್ಕಾರರ ಮನೆಯಿಂದ ಹೇರ್ ಡ್ರೈಯರ್ ತರಿಸಿ, ಕಡಿಮೆ ಬಿಸಿಯಲ್ಲಿ ಎಸ್‌ಎಂಪಿಎಸ್ ಜಾಲರಿಯೊಳಗೆ ಸ್ವಲ್ಪ ಹೊತ್ತು ಗಾಳಿ ಊದಿದೆ. ಬೇರೆ ಯಾವ ಭಾಗಕ್ಕೂ ಬಿಸಿ ತಾಗಿಸಲಿಲ್ಲ. ಪ್ಲಗ್ ಹಾಕಿ ಬಟನ್ ಒತ್ತಿದರೆ ಒಂದೇ ಏಟಿಗೆ ಚಾಲೂ. ಗುಮಾಸ್ತರು "ಅರೇ ಇದೇನ್ರೀ!" ಎಂದು ಎದ್ದು ನಿಂತರು.

ಕೆಲವರು ಹಸಿರು ವೈರಿಗೂ ಕಪ್ಪು ವೈರಿಗೂ ಪಿನ್ ಚುಚ್ಚಿ, ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಸರಿ ಇದೆ ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಲೋಡ್ ಇಲ್ಲದೆ ಫ್ಯಾನ್ ತಿರುಗಿಸುವುದು ಸೊರಗಿದ ಎಸ್‌ಎಂಪಿಎಸ್‌ಗೂ ಕಷ್ಟವಲ್ಲ. ಇನ್ನೊಂದು ಮಾತು: ಆ ಡಬ್ಬಿ ಬಿಚ್ಚಿ ಕೈ ಹಾಕಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲ ಹೊತ್ತು ಉಳಿದಿರಬಹುದು.

ಕಂಪ್ಯೂಟರ್ ಚಾಲೂ ಆಯಿತು ಸರಿ, ವಿಂಡೋಸ್ ಬರಲಿಲ್ಲ. ತಾರೀಕು ತಪ್ಪಿದೆ, ಎಫ್1 ಒತ್ತಿ ಎಂದಿತು. ಒತ್ತಿದರೆ ಕಪ್ಪು ಪರದೆಯ ಮೇಲೆ ಬೂಟ್ ಡಿವೈಸ್, ಅಂದರೆ ವಿಂಡೋಸ್ ಶುರುವಾಗಬೇಕಾದ ಡಿಸ್ಕ್, ಸರಿಯಾಗಿ ಆಯ್ಕೆ ಮಾಡಿ ಎಂಬ ಸಾಲು. ಅಂದರೆ ಇಲ್ಲಿ ತೊಂದರೆ ಒಂದಲ್ಲ, ಎರಡು. ಕರೆಂಟ್ ಇಲ್ಲದಾಗ ತಾರೀಕು, ಸೆಟ್ಟಿಂಗ್ ನೆನಪಿಡಲು ಬೋರ್ಡಿನಲ್ಲಿರುವ ಬಿಲ್ಲೆಯಂಥ ಸಿಆರ್2032 ಸೆಲ್ 3 ವೋಲ್ಟ್ ಇರಬೇಕಿತ್ತು, 2.5 ಇತ್ತು. ಭಾನುವಾರ ಪೂರ್ತಿ ಕರೆಂಟ್ ಇಲ್ಲದೆ ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನದೇ ಪ್ರೋಗ್ರಾಂ) ಸೆಟ್ಟಿಂಗ್ ಮರೆತುಹೋಗಿತ್ತು. ಈ ಸಿಪಿಯುನಲ್ಲಿ ಎರಡು ಡಿಸ್ಕ್ ಇದ್ದವು. ಸೆಟ್ಟಿಂಗ್ ಹೋದರೆ ಬೋರ್ಡ್ ಮೊದಲು ಹುಡುಕುವುದು ಹಳೇ ಲೆಕ್ಕದ ಡಿಸ್ಕ್ ಅನ್ನು. ಅದರಲ್ಲಿ ವಿಂಡೋಸೇ ಇಲ್ಲ! ವಿಂಡೋಸ್ ಕೆಟ್ಟಿದೆ ಎಂದು ಹೊಸದಾಗಿ ಹಾಕಿದ್ದು ಇದಕ್ಕೇ. ಈ ಎರಡೂ ತೊಂದರೆ ಮೇನ್ ಆರಿಸಿದಾಗಲೇ ತಲೆ ಎತ್ತುತ್ತಿದ್ದವು. ಒಂದನ್ನು ಸರಿ ಮಾಡಿದರೆ ಇನ್ನೊಂದು ಕಾಣುತ್ತಿತ್ತು, ನೋಡುವವರಿಗೆ ಏನೂ ಸರಿಯಾಗಿಲ್ಲ ಅನಿಸುತ್ತಿತ್ತು.

ಹೊಸ 450 ವ್ಯಾಟ್ ಎಸ್‌ಎಂಪಿಎಸ್ ಹಾಕಿದೆ. ತೂಕ ಇರುವ, ಹೆಸರಿರುವ ಮಾಲು ತರಿಸಿದೆ. ಈ ಒಂದು ಭಾಗದಲ್ಲಿ ಉಳಿತಾಯ ಮಾಡುವುದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಉಳಿದೆಲ್ಲ ಭಾಗಕ್ಕೂ ಅನ್ನ ಹಾಕುವುದು ಅದೇ. ಸೆಲ್ ಬದಲಿಸಿ ಬೂಟ್ ಆರ್ಡರ್ ಸರಿ ಮಾಡಿದೆ. ಹಳೇ ಡಿಸ್ಕ್ ಹೊರಗೆ ತೆಗೆದು ಸಾವ್ಕಾರರ ತಿಜೋರಿಗೆ ಕೊಟ್ಟೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ನೋಡಿದೆ, ಮುಖ್ಯ ಡಿಸ್ಕ್‌ನಲ್ಲಿ ಕೆಟ್ಟ ಸೆಕ್ಟರ್ (ಡೇಟಾ ಬರೆಯುವ ಜಾಗ) ಇರಲಿಲ್ಲ. ಸಿಆರ್‌ಸಿ ಎರರ್, ಅಂದರೆ ಡೇಟಾ ಸಾಗುವಾಗ ಆಗುವ ತಪ್ಪು ಮಾತ್ರ ಏರುತ್ತಿತ್ತು. ಅದು ಹೆಚ್ಚಾಗಿ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್‌ನ ದೂರು, ಕೇಬಲ್ ಬದಲಿಸಿದ ಮೇಲೆ ಏರುವುದು ನಿಂತಿತು.

ಫ್ಯಾನಿನ ರೆಕ್ಕೆಗಳ ಮೇಲೆ ತೌಡಿನ ಧೂಳು ಎಣ್ಣೆ ಜಿಡ್ಡಿನೊಂದಿಗೆ ಮೆತ್ತಿಕೊಂಡಿತ್ತು. ಬ್ಲೋವರ್ ಊದಿದರೆ ಇದು ಹೋಗುವುದಿಲ್ಲ, ಬ್ರಷ್‌ನಿಂದ ಉಜ್ಜಿಯೇ ತೆಗೆಯಬೇಕು. ಎಸ್‌ಎಂಪಿಎಸ್ ಬೇಗ ಸೊರಗಲು ಈ ಧೂಳಿನ ಬಿಸಿಯೂ ಕಾರಣವಾಗಿರಬೇಕು. ಸಿಪಿಯುವನ್ನು ನೆಲದಿಂದ ಎತ್ತಿ, ಬಾಗಿಲಿನಿಂದ ದೂರದ ಮೂಲೆಯಲ್ಲಿ ಸ್ಟೂಲ್ ಮೇಲೆ ಇಡಿಸಿದೆ. ವಾಚ್‌ಮನ್‌ಗೆ ಮೇನ್ ಆರಿಸುವುದನ್ನು ಬಿಡಬೇಡ ಎಂದೇ ಹೇಳಿದೆ. ರಾತ್ರಿ ಯಾರೂ ಇಲ್ಲದ ಆಫೀಸಿಗೆ ಅದು ಒಳ್ಳೆಯದು. ಹೊಸ ಎಸ್‌ಎಂಪಿಎಸ್ ಇರುವಾಗ ಅದರಿಂದ ಕಂಪ್ಯೂಟರಿಗೂ ತೊಂದರೆ ಇಲ್ಲ.