ಮೇಲಿನ ದೀಪ ಹತ್ತಿದರೆ ನಿಲ್ಲು

ಚಿಕ್ಕಂದಿನಲ್ಲಿ ಅಜ್ಜಿ ಮನೆ ತೋಟದಲ್ಲಿ ಕಾಫಿ ಕೊಯ್ಯಲು ಹೋದರೆ ನನ್ನ ಬುಟ್ಟಿಯಲ್ಲಿ ಕಾಯಿಯೇ ಜಾಸ್ತಿ. ಎಲೆಗಳ ನಡುವೆ ಹಣ್ಣು ನನಗೆ ಎದ್ದು ಕಾಣುತ್ತಲೇ ಇರಲಿಲ್ಲ. "ಥೇಟ್ ಇವನ ಮಾವನ ಹಾಗೆ" ಎನ್ನುತ್ತಿದ್ದರು ಅಜ್ಜಿ. ಇದಕ್ಕೊಂದು ಹೆಸರಿದೆ ಅಂತ ಗೊತ್ತಾಗಿದ್ದು ಕಣ್ಣಿನ ಡಾಕ್ಟರ್ ಚುಕ್ಕಿಗಳ ಇಶಿಹಾರ ಪುಸ್ತಕ ತೋರಿಸಿದಾಗ. ಬೇರೆಯವರಿಗೆ 74 ಕಾಣುವ ಪುಟದಲ್ಲಿ ನಾನು 21 ಓದಿದೆ. ತಾಯಿ ಕಡೆಯಿಂದ ಬರುವ ಬಣ್ಣಗುರುಡು ಇದು. ನನ್ನ ಕಣ್ಣಿಗೆ ಕೆಂಪು ಮಂಕು.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಬಣ್ಣಗುರುಡು ಅಲ್ಪ ಅಥವಾ ಮಧ್ಯಮ ಮಟ್ಟದಲ್ಲಿ ಇರುವವರಿಗೂ ಲೈಸೆನ್ಸ್ ಸಿಗುವಂತೆ ಮಾಡಿತು. ಆಮೇಲೆಯೇ ನಾನು ಕಾರು ಕಲಿತದ್ದು.

ಸಿಗ್ನಲ್ ಹೇಗೆ ನೋಡ್ತೀರಾ ಅಂತ ಎಲ್ಲರೂ ಕೇಳುತ್ತಾರೆ. ಅದು ಸುಲಭ. ಮೇಲಿನ ದೀಪ ಹತ್ತಿದರೆ ನಿಲ್ಲುವುದು, ಕೆಳಗಿನದು ಹತ್ತಿದರೆ ಹೊರಡುವುದು. ನಿಜವಾದ ಕಷ್ಟ ಮುಂದಿನ ಗಾಡಿಯ ಬ್ರೇಕ್ ಲೈಟ್‌ನದು.

ಒಂದು ಸಂಜೆ, ನೆಲಮಂಗಲ ದಾಟಿದ ಮೇಲೆ, ಮುಂದಿದ್ದ ಲಾರಿ ಬ್ರೇಕ್ ಹಾಕಿತ್ತು. ಧೂಳು ಮೆತ್ತಿದ ಅದರ ದೀಪ ನನಗೆ ಹತ್ತಿದಂತೆಯೇ ಕಾಣಲಿಲ್ಲ. ಕಂಡದ್ದು ಹತ್ತಿರವಾಗುತ್ತಿದ್ದ ಹಿಂಬದಿಯ ಹಲಗೆ. ಒಂದು ಮೊಳ ದೂರದಲ್ಲಿ ಕಾರು ನಿಂತಿತು. ಕೈ ನಡುಗುತ್ತಿತ್ತು.

ಅಂದಿನಿಂದ ಬಣ್ಣವನ್ನು ನಂಬುವುದನ್ನೇ ಬಿಟ್ಟೆ. ಮುಂದಿನ ಗಾಡಿ ಒಂದು ಕಂಬ ದಾಟಿದೊಡನೆ ಎಣಿಸಲು ಶುರು ಮಾಡುತ್ತೇನೆ. ನಾನು ಆ ಕಂಬ ಮುಟ್ಟುವಷ್ಟರಲ್ಲಿ ಮೂರು ಸೆಕೆಂಡ್ ಆಗಿರಬೇಕು, ಕತ್ತಲಾದರೆ ನಾಲ್ಕು. ನಡುವೆ ಯಾರಾದರೂ ನುಗ್ಗುತ್ತಾರೆ. ನುಗ್ಗಲಿ, ನಾನು ಮತ್ತೆ ಹಿಂದೆ ಸರಿಯುತ್ತೇನೆ. ಬ್ರೇಕ್ ಹಾಕಿದ ಕಾರಿನ ಹಿಂಭಾಗ ಚೂರು ಮೇಲೇಳುತ್ತದೆ, ಅದನ್ನು ಗಮನಿಸುತ್ತೇನೆ. ಅದರಾಚೆಯ ಗಾಡಿಗಳ ಮೇಲೂ ಕಣ್ಣಿರುತ್ತದೆ. ಮುಂದಿನ ಗಾಜು ದಿನಾ ಒರೆಸುತ್ತೇನೆ. ಬಣ್ಣದ ಕನ್ನಡಕ ಹಾಕುವುದಿಲ್ಲ.

ರಾತ್ರಿ ಒಂದೇ ದೀಪ ಮಿಟುಕುತ್ತಿದ್ದರೆ ಅದು ಹಳದಿಯೋ ಕೆಂಪೋ ನನಗೆ ಹೇಳಲು ಬರುವುದಿಲ್ಲ. ಕೆಂಪೇ ಎಂದುಕೊಂಡು ನಿಂತು, ಎರಡೂ ಕಡೆ ನೋಡಿ ಹೊರಡುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆದುಕೊಳ್ಳಲಿ ಬಿಡಿ.

ತಂಗಿಯ ಮಗನಿಗೆ ಈಗ 17. ಅವನೂ ಅದೇ ಪುಟದಲ್ಲಿ 21 ಓದಿದ್ದಾನೆ. ಸಂಜೆ ಹೊತ್ತು ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ. "ಮಾವ, ಮೂರಕ್ಕೆ ಮುಂಚೆಯೇ ಕಂಬ ಬಂತು" ಎಂದು ನಿನ್ನೆ ಅವನೇ ಎಚ್ಚರಿಸಿದ.