ಬಣ್ಣ ಒಂದಿರಲಿ, ಬಟ್ಟೆ ಒಂದೇ ಆಗಬೇಕಿಲ್ಲ: ಪ್ಲಸ್ ಟು ಸೆಂಡ್ ಆಫ್ ಖರ್ಚನ್ನು ಹಿಡಿತಕ್ಕೆ ತರುವ ಬಗೆ

ಜನವರಿ ಎರಡನೇ ವಾರದ ಯಾವುದಾದರೂ ಸಂಜೆ ಆರೇಳು ಹುಡುಗಿಯರು ಶಾಲೆಯ ಚೀಲ ಸಮೇತ ಅಂಗಡಿಗೆ ನುಗ್ಗಿ, "ಅಕ್ಕಾ, ಇಪ್ಪತ್ತೆಂಟು ರವಿಕೆ ಇದೆ, ಎಲ್ಲ ಒಂದೇ ಬಣ್ಣ, ಎಷ್ಟಕ್ಕೆ ಹೊಲಿದುಕೊಡುತ್ತೀರಿ?" ಎಂದು ಚೌಕಾಸಿಗೆ ಇಳಿದರೆ, ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಆಸುಪಾಸಿನಲ್ಲಿ ಎಲ್ಲೋ ಪ್ಲಸ್ ಟು ಸೆಂಡ್ ಆಫ್, ಅಂದರೆ ಹನ್ನೆರಡನೇ ತರಗತಿಯ ಬೀಳ್ಕೊಡುಗೆ, ನಿಶ್ಚಯವಾಗಿದೆ ಎಂದೇ ಲೆಕ್ಕ. ಹತ್ತೊಂಬತ್ತು ವರ್ಷಗಳಿಂದ ಈ ಪೇಟೆಯಲ್ಲಿ ಹೊಲಿಯುತ್ತಿದ್ದೇನೆ. ಮೊದಲೆಲ್ಲ ಸೆಂಡ್ ಆಫ್ ಎಂದರೆ ಆಟೋಗ್ರಾಫ್ ಪುಸ್ತಕ, ಶಾಲೆಯ ಮೆಟ್ಟಿಲ ಮೇಲೆ ಒಂದು ಗುಂಪು ಫೋಟೋ, ಕಾಗದದ ತಟ್ಟೆಯಲ್ಲಿ ಲಾಡು ಮತ್ತು ಮಿಕ್ಸ್ಚರ್. ಈಗಿನದಕ್ಕೂ ಮದುವೆಯ ನಿಶ್ಚಿತಾರ್ಥಕ್ಕೂ ನಡುವೆ ವ್ಯತ್ಯಾಸ ಇರುವುದು ಪುರೋಹಿತರು ಇಲ್ಲ ಎನ್ನುವುದರಲ್ಲಿ ಮಾತ್ರ.

ಮೊದಲೇ ಒಪ್ಪಿಕೊಳ್ಳುತ್ತೇನೆ, ಈ ಖರ್ಚಿನಲ್ಲಿ ನನಗೂ ಪಾಲಿದೆ. ಲೈನಿಂಗ್ ಹಾಕಿದ ಒಂದು ರವಿಕೆಗೆ 450 ರೂಪಾಯಿ ತೆಗೆದುಕೊಳ್ಳುವವಳು ನಾನೇ. ಆದರೆ ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿ ಕೊಡುವ ಕೈಯೂ ನನ್ನದೇ ಆಯಿತು. ಹಿರಿಯಳ ಸೆಂಡ್ ಆಫ್ ಮೂರು ವರ್ಷದ ಹಿಂದೆ, ಕಿರಿಯಳದು ಈ ವರ್ಷ. ಎರಡರ ಲೆಕ್ಕವೂ ಅಳತೆ ಪುಸ್ತಕದ ಹಿಂಬದಿಯಲ್ಲಿದೆ.

ಹಿರಿಯಳದ್ದು ಹೀಗಿತ್ತು: ಸೀರೆ 1,650, ರವಿಕೆಯ ಬಟ್ಟೆ ಮತ್ತು ಲೈನಿಂಗ್ 280 (ಹೊಲಿಗೆ ಪುಕ್ಕಟೆ), ಸರ ಮತ್ತು ಬಳೆ 450, ಚಪ್ಪಲಿ 700, ಬ್ಯೂಟಿ ಪಾರ್ಲರ್ 800, ಮಲ್ಲಿಗೆ 120, ತರಗತಿಯ ಪಿರಿವು (ಚಂದಾ) ಮೂರು ಕಂತಿನಲ್ಲಿ 1,050, ಶಿಕ್ಷಕರಿಗೆ ನೆನಪಿನ ಕಾಣಿಕೆ ಎಂದು ಬೇರೆ 150, ಫೋಟೋದವರಿಗೆ 400, ಬೆನ್ನ ಮೇಲೆ ಎಲ್ಲರ ಹೆಸರು ಅಚ್ಚು ಹಾಕಿಸಿದ ಟೀ ಶರ್ಟ್ 550, ಕಾಸರಗೋಡು ಪೇಟೆಯಲ್ಲಿ ಗೆಳತಿಯರ ಊಟ 600, ಆಟೋ 90. ಒಟ್ಟು 6,840. ಆ ವರ್ಷ ಅವಳ ಪಠ್ಯಪುಸ್ತಕಕ್ಕೂ ನೋಟ್ ಪುಸ್ತಕಕ್ಕೂ ಸೇರಿ ಇದರ ಅರ್ಧ ಖರ್ಚಾಗಿರಲಿಲ್ಲ.

ಈ ಪಟ್ಟಿಯ ಯಾವ ಬಾಬೂ ಮನೆ ಮುಳುಗಿಸುವಂಥದ್ದಲ್ಲ ಎಂಬುದನ್ನು ಗಮನಿಸಬೇಕು. ಒಂದೇ ದಿನ ಏಳು ಸಾವಿರ ಕೇಳಿದ್ದರೆ ನಾನು ಖಂಡಿತ ಬೈಯುತ್ತಿದ್ದೆ. ಅದು ನೂರಿನ್ನೂರಾಗಿ, ವಾಟ್ಸಾಪಿನಲ್ಲಿ, ಅದೂ ರಾತ್ರಿ ಒಂಬತ್ತರ ಮೇಲೆ ಬಂತು. ಗುಂಪಿನ ಮಾತೆಲ್ಲ ಮಲಯಾಳದಲ್ಲಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗಳು ಅದನ್ನು ನನಗೆ ಓದಿ ಹೇಳುತ್ತಿದ್ದಳು: "ಅಮ್ಮ, ಇನ್ನೊಂದು ಪಿರಿವು." ಚಂದಾ ಎತ್ತುವುದಕ್ಕೆ ಮಲಯಾಳದಲ್ಲಿ ಪಿರಿವು ಎನ್ನುತ್ತಾರೆ, ಪಿರಿಯುವುದು ಎಂದರೆ ಅಗಲುವುದು. ಮಕ್ಕಳು ಎರಡನ್ನೂ ಒಟ್ಟಿಗೇ ಮಾಡಿ ಮುಗಿಸುತ್ತಾರೆ.

ಆದ್ದರಿಂದ ಮೊದಲನೆಯ ಕೆಲಸ, ಬಣ್ಣ ತೀರ್ಮಾನವಾಗುವ ಮೊದಲೇ ಮಾತಾಡುವುದು. ಕ್ರಿಸ್ಮಸ್ ಪರೀಕ್ಷೆಯ ಅಂಕ ಹೇಳಲು ಜನವರಿಯಲ್ಲಿ ತರಗತಿಯ ಪಿಟಿಎ (ಹೆತ್ತವರ ಮತ್ತು ಶಿಕ್ಷಕರ ಸಭೆ) ಕರೆಯುತ್ತಾರಲ್ಲ, ಅದೇ ಸರಿಯಾದ ಹೊತ್ತು. ಫೆಬ್ರವರಿಗೆ ಮಾದರಿ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಎಂದು ಯಾರಿಗೂ ಪುರುಸೊತ್ತಿರುವುದಿಲ್ಲ, ಅಷ್ಟರಲ್ಲಿ ಮುಂಗಡವೂ ಕೈಬಿಟ್ಟಿರುತ್ತದೆ. ಸಭೆಯಲ್ಲಿ "ಖರ್ಚು ಜಾಸ್ತಿಯಾಯಿತು" ಎಂದು ಒಟ್ಟಾರೆ ಗೊಣಗಿದರೆ ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಎರಡೇ ವಿಷಯ ಕೇಳಿ. ಪಿರಿವು ಒಮ್ಮೆ ಮಾತ್ರ ಇರಲಿ, ಅದರ ಮೊತ್ತ ಈಗಲೇ ಗೊತ್ತಾಗಲಿ. ಸೀರೆಗೆ ಬಣ್ಣ ಮಾತ್ರ ಹೇಳಲಿ, ಅಂಗಡಿ ಹೇಳುವುದು ಬೇಡ.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅದು ನನ್ನ ಕಸುಬಿನ ಮಾತು. ಸೆಂಡ್ ಆಫಿನಲ್ಲಿ ದುಡ್ಡು ತಿನ್ನುವುದು ಸೀರೆಯಲ್ಲ, ಒಂದೇ ಥರದ ಸೀರೆ. ಸೀರೆಯಿಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಅಮ್ಮನ ಕಪಾಟಿನಲ್ಲಿ, ದೊಡ್ಡಮ್ಮನ ಕಪಾಟಿನಲ್ಲಿ, ಅತ್ತಿಗೆಯ ಮದುವೆಯ ಸೂಟ್‌ಕೇಸಿನಲ್ಲಿ ಒಂದೆರಡು ಸಲ ಉಟ್ಟು ಮಡಚಿಟ್ಟದ್ದು ರಾಶಿ ಇರುತ್ತದೆ. "ಎಲ್ಲರಿಗೂ ಇದೇ ನೇರಳೆ, ಇದೇ ಜರಿ ಅಂಚು" ಎಂದ ಕ್ಷಣ ಆ ರಾಶಿಯೆಲ್ಲ ನಿಷ್ಪ್ರಯೋಜಕ. ಹಿರಿಯಳ ತರಗತಿಯವರು ಮೊಬೈಲಿನಲ್ಲಿ ಚಿತ್ರ ನೋಡಿ ದೂರದ ಸಗಟು ವ್ಯಾಪಾರಿಯೊಬ್ಬನಿಂದ ಒಟ್ಟಿಗೆ ತರಿಸಿದರು. ಇಪ್ಪತ್ತೈದರ ಮೇಲೆ ತೆಗೆದುಕೊಂಡರೆ ರಿಯಾಯಿತಿ ಎಂದಿದ್ದನಂತೆ. ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಕಟ್ಟು ಬಂತು. ಬಿಚ್ಚಿದರೆ ಹದಿನೇಳು ಸೀರೆ ಒಂದು ನೇರಳೆ, ಹನ್ನೊಂದು ಇನ್ನೊಂದು ನೇರಳೆ. ಬಣ್ಣದ ತೊಟ್ಟಿ ಬದಲಾದರೆ ಛಾಯೆಯೂ ಬದಲಾಗುತ್ತದೆ, ಇದು ಬಟ್ಟೆ ಕತ್ತರಿಸುವವರಿಗೆಲ್ಲ ಗೊತ್ತಿರುವ ಸಂಗತಿ. ಹುಡುಗಿಯರು ಮೇಜಿನ ಸುತ್ತ ನಿಂತು ಅತ್ತರು. ಅದು ಜಾರ್ಜೆಟ್, ಕತ್ತರಿ ತಾಗಿದ ಕಡೆ ಎಳೆ ಬಿಟ್ಟುಕೊಳ್ಳುತ್ತಾ ಹೋಗುತ್ತದೆ. ರಾತ್ರಿ ಎರಡು ಗಂಟೆಯವರೆಗೆ ಹೊಲಿದೆ, ನಿದ್ದೆಗಣ್ಣಿನಲ್ಲಿ ಎರಡು ರವಿಕೆಯ ತೋಳನ್ನು ಅದಲುಬದಲು ಮಾಡಿ ಬಿಚ್ಚಿ ಮತ್ತೆ ಕೂಡಿಸಿದೆ.

ಇಪ್ಪತ್ತೆಂಟು ಅಳತೆಯಲ್ಲಿ ಒಂದು ಬರಲಿಲ್ಲ. ಆ ಹುಡುಗಿ ಅಳತೆ ಕೊಡುವ ದಿನ ಬಾಗಿಲ ಬಳಿಯೇ ನಿಂತು, "ನನಗೆ ಬೇಡ ಅಕ್ಕಾ, ಆ ದಿನ ನಮ್ಮ ಕುಟುಂಬದಲ್ಲಿ ಮದುವೆ ಇದೆ" ಎಂದಳು. ಅದು ಮದುವೆ ಇಲ್ಲದ ದಿನ ಎಂದು ಹೊಲಿಗೆಯವಳಿಗೆ ಗೊತ್ತಾಗದೆ ಇರುತ್ತದೆಯೇ? ಮುಹೂರ್ತವಿದ್ದರೆ ವಾರಕ್ಕೆ ಮುಂಚೆ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಈ ವರ್ಷ ಕಿರಿಯಳ ತರಗತಿಯ ಸಭೆಯಲ್ಲಿ ಎದ್ದು ನಿಂತದ್ದು ಆ ನೆನಪಿನ ಕಾರಣಕ್ಕೆ. "ಹಸಿರು ಎನ್ನಿ, ಯಾವ ಹಸಿರಾದರೂ ಸರಿ" ಎಂದೆ. ಒಬ್ಬ ಹುಡುಗಿ ಮುಖ ಸಿಂಡರಿಸಿ, ಫೋಟೋ ಚೆನ್ನಾಗಿ ಬರುವುದಿಲ್ಲ ಎಂದಳು. ಬಂದದ್ದನ್ನು ನೀವೇ ನೋಡಬೇಕಿತ್ತು. ಗಿಳಿ ಹಸಿರು, ವೀಳ್ಯದೆಲೆ ಹಸಿರು, ಪಾಚಿ ಬಣ್ಣ, ಎಳೆ ಅಡಿಕೆಯ ಬಣ್ಣ, ಒಂದು ಹಳೆಯ ಮೈಸೂರು ಸಿಲ್ಕ್, ಒಂದು ನೂಲಿನ ಸೀರೆ, ಎಲ್ಲ ಸೇರಿ ಮಳೆಗಾಲದ ತೋಟದ ಹಾಗಿತ್ತು. ಬಣ್ಣ ಆರಿಸುವಾಗ ಹಸಿರು, ಕೆಂಪು, ಹಳದಿಯಂಥ ಮನೆಯಲ್ಲಿರುವ ಬಣ್ಣವನ್ನೇ ಆರಿಸಬೇಕು. ಲ್ಯಾವೆಂಡರ್ ಎಂದರೆ ಎಲ್ಲರೂ ಅಂಗಡಿಗೇ ಓಡಬೇಕಾಗುತ್ತದೆ.

ಹಳೆಯ ಸೀರೆಗೆ ಹಳೆಯ ರವಿಕೆಯನ್ನೇ ಸರಿಪಡಿಸಿಕೊಳ್ಳುವುದು ಹೇಗೆ ಎಂದರೆ: ಅಮ್ಮನ ರವಿಕೆ ಮಗಳಿಗೆ ಸುತ್ತಳತೆಯಲ್ಲಿ ನಾಲ್ಕು ಇಂಚಿನವರೆಗೆ ದೊಡ್ಡದಿದ್ದರೆ ಪಕ್ಕದ ಹೊಲಿಗೆ ಮಾತ್ರ ಸಾಕು. ರವಿಕೆಯನ್ನು ಒಳಮೈ ಮೇಲೆ ಮಾಡಿ, ಎರಡೂ ಬದಿಯಲ್ಲಿ ಹಳೆಯ ಹೊಲಿಗೆಯಿಂದ ಒಂದಿಂಚು ಒಳಗೆ, ತೋಳಿನ ತುದಿಯಿಂದ ಕಂಕುಳ ಹಾದು ಸೊಂಟದವರೆಗೆ ಹೊಸ ಹೊಲಿಗೆ ಹಾಕಬೇಕು. ಒಂದೊಂದು ಬದಿಗೆ ಎದುರಿನಿಂದ ಒಂದಿಂಚು, ಬೆನ್ನಿನಿಂದ ಒಂದಿಂಚು, ಒಟ್ಟು ನಾಲ್ಕು ಇಂಚು ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚು ಒಳಗೆ ಹೋದರೆ ಭುಜ ಜಾರುತ್ತದೆ, ತೋಳನ್ನೂ ಭುಜವನ್ನೂ ಬಿಚ್ಚಬೇಕಾಗುತ್ತದೆ. ಆಗ ಹೊಸದೇ ಲಾಭ. ಒಳಗೆ ಉಳಿದ ಬಟ್ಟೆಯನ್ನು ದಯವಿಟ್ಟು ಕತ್ತರಿಸಬೇಡಿ, ನಾಳೆ ಇನ್ನೊಬ್ಬಳಿಗೆ ಬಿಡಿಸಿಕೊಡಲು ಬೇಕು.

ಕಿರಿಯಳಿಗೆ ಕೊಟ್ಟದ್ದು ನನ್ನ ಸೀಮಂತದ ಸೀರೆ, ಅವಳ ಅಕ್ಕ ಹೊಟ್ಟೆಯಲ್ಲಿದ್ದಾಗಿನದು. ರವಿಕೆ ಹೊರಗಿನಿಂದ ಬಿಸಿಲು ಬೆವರಿಗೆ ಮಾಸಿ ಒಣಗಿದ ಬಾಳೆ ಎಲೆಯಂತಾಗಿತ್ತು. ಪಕ್ಕದ ಹೊಲಿಗೆ ಬಿಚ್ಚಿದಾಗ ಒಳಗೆ ಮಡಚಿಕೊಂಡಿದ್ದ ಅರ್ಧ ಇಂಚಿನ ಪಟ್ಟಿ ಅಂಗಡಿಯಿಂದ ತಂದ ದಿನದ ಹಸಿರಿನಲ್ಲೇ ಇತ್ತು. ಮಗಳು ಅದನ್ನು ಬೆರಳಲ್ಲಿ ಸವರಿ, "ಹೀಗಿತ್ತಾ ಇದು?" ಎಂದಳು. ಅಂಚು ಸವೆದಿದ್ದ ಫಾಲ್ಸ್ ಬದಲಾಯಿಸಲು 70, ಲೈನಿಂಗಿಗೆ 60.

ಪಾರ್ಲರಿನವರು ಸೀರೆ ಉಡಿಸಲು ತೆಗೆದುಕೊಳ್ಳುವ ಹಣದಲ್ಲಿ ಬಹುಪಾಲು ನೆರಿಗೆಗೆ. ಹಿಂದಿನ ರಾತ್ರಿಯೇ ಸೆರಗನ್ನು ನಾಲ್ಕು ಇಂಚಿಗೆ, ಎದುರಿನ ನೆರಿಗೆಯನ್ನು ಐದು ಇಂಚಿಗೆ ಮಡಚಿ, ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ, ಇಸ್ತ್ರಿ ಒತ್ತಿ ಹ್ಯಾಂಗರಿಗೆ ತೂಗುಹಾಕಿ. ಬೆಳಿಗ್ಗೆ ಹತ್ತು ನಿಮಿಷದ ಕೆಲಸ. ಮದುವೆಯ ಕಾಲದಲ್ಲಿ ಮಲ್ಲಿಗೆಯ ದರ ಕೇಳಿದರೆ ತಲೆ ತಿರುಗುತ್ತದೆ. ಹಿತ್ತಿಲಲ್ಲಿ ಅಬ್ಬಲಿಗೆ (ಕನಕಾಂಬರ) ಇದ್ದರೆ ಹಸಿರು ಸೀರೆಗೆ ಅದಕ್ಕಿಂತ ಚೆಂದ ಯಾವುದೂ ಇಲ್ಲ.

ಹೊಸ ಸೀರೆ ತೆಗೆಯಲೇಬೇಕು ಎಂದಿದ್ದರೆ ಆಮೇಲೂ ಉಡುವಂಥದ್ದನ್ನು ತೆಗೆಯಿರಿ. ನಮ್ಮ ಜಿಲ್ಲೆಯದ್ದೇ ಕಾಸರಗೋಡು ಸೀರೆ ಇದೆ, ಕೈಮಗ್ಗದ ನೂಲಿನದು, ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು, ವಿದ್ಯಾನಗರದ ಉದಯಗಿರಿಯಲ್ಲಿ ನೇಕಾರರ ಸಹಕಾರಿ ಸಂಘದವರು ನೇಯುತ್ತಾರೆ. ಮಿನುಗು ಇಲ್ಲ ಎಂದು ಮಕ್ಕಳು ಮೂಗು ಮುರಿಯಬಹುದು. ಆದರೆ ಕಾಲೇಜಿಗೆ ಉಟ್ಟು ಹೋಗಬಹುದಾದ ಸೀರೆ ಅದು. ಆ ನೇರಳೆ ಜಾರ್ಜೆಟ್ ನಮ್ಮ ಮನೆಯಲ್ಲಿ ಎರಡನೇ ಸಲ ಹೊರಗೆ ಬಂದೇ ಇಲ್ಲ.

ಪಿರಿವಿಗೆ ನಾವು ಮಾಡಿದ್ದು ಲಕೋಟೆಯ ಉಪಾಯ. ಊಟಕ್ಕೂ ಧ್ವನಿವರ್ಧಕಕ್ಕೂ ಕಾಣಿಕೆಗೂ ಸೇರಿಸಿ ಒಬ್ಬರಿಗೆ 650 ಎಂದು ಲೆಕ್ಕ ಹಾಕಿ, ಪ್ರತಿಯೊಬ್ಬರಿಗೂ ಒಂದೇ ಥರದ ಹೆಸರಿಲ್ಲದ ಲಕೋಟೆ ಕೊಟ್ಟೆವು. ಆದವರು ಅಷ್ಟು ಹಾಕಿ, ಆಗದವರು ಆದಷ್ಟು, ಅಂಟಿಸಿ ಕೊಡಿ ಎಂದೆವು. ಮೊಬೈಲಿನಲ್ಲಿ ಹಣ ಕಳುಹಿಸುವುದು ಸುಲಭ, ಆದರೆ ಅಲ್ಲಿ ಯಾರು ಎಷ್ಟು ಕಳುಹಿಸಿದರು ಎಂದು ಪಿರಿವು ಎತ್ತುವವರಿಗೆ ಗೊತ್ತಾಗುತ್ತದೆ. ಎಣಿಸಿದಾಗ 1,150 ಕಡಿಮೆ ಬಿತ್ತು. ಕೇಕ್ ಸಣ್ಣದಾಯಿತು, ಅಷ್ಟೆ. ಹೋಟೆಲಿನ ಬಿರಿಯಾನಿ ಪೊಟ್ಟಣದ ಬದಲು ಕುಟುಂಬಶ್ರೀ ಎಂಬ ಸ್ವಸಹಾಯ ಸಂಘದ ಹೆಂಗಸರಿಂದ ನೈಚೋರು (ತುಪ್ಪದನ್ನ) ಮತ್ತು ಕೋಳಿ ಸಾರು, ಮಾಂಸ ತಿನ್ನದವರಿಗೆ ತರಕಾರಿ ಕುರ್ಮ ಮಾಡಿಸಿದೆವು. ಎರಡನೇ ಸಲ ಬಡಿಸಲು ಪಾತ್ರೆಯಲ್ಲಿ ಉಳಿದಿತ್ತು, ಪೊಟ್ಟಣದಲ್ಲಿ ಅದಾಗುವುದಿಲ್ಲ.

ಗಂಡುಮಕ್ಕಳ ಹೆತ್ತವರು ನಗಬೇಡಿ. ಅಂಗಿ, ಮುಂಡು (ಪಂಚೆ) ಅಗ್ಗವೇ. ನಿಮ್ಮ ಅಪಾಯ ಇರುವುದು ಜೀಪು, ಕಾರು, ಬೈಕಿನಲ್ಲಿ. ಅಂಗಳದಲ್ಲಿ ಗಾಡಿ ತಿರುಗಿಸಿ ರೀಲ್ ಮಾಡುವ ಹುಚ್ಚು ಈಗ ಎಲ್ಲ ಕಡೆ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನಂತೆ ಹದಿನೆಂಟು ತುಂಬದ ಮಗ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೊಣೆ ಹೆತ್ತವರದು ಅಥವಾ ಮಾಲೀಕರದು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ, ವಾಹನದ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಆ ದಿನ ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ.

ನನ್ನ ತಮ್ಮನ ಹೆಂಡತಿ ಇಂಗ್ಲೆಂಡಿನಲ್ಲಿ ನರ್ಸ್. ಅಲ್ಲಿ ಹನ್ನೊಂದನೇ ತರಗತಿ ಮುಗಿಸುವ ಹದಿನಾರರ ಮಕ್ಕಳಿಗೆ ಪ್ರಾಮ್ ಎಂದು ಮಾಡುತ್ತಾರಂತೆ, ಅಮೆರಿಕದಿಂದ ಬಂದ ರೂಢಿ. ಉದ್ದದ ಗೌನು, ಬಾಡಿಗೆಯ ಲಿಮೋಸಿನ್ ಕಾರು, ಸಾಲದ್ದಕ್ಕೆ ಮೈ ಕಂದಾಗಿ ಕಾಣಲು ಬಣ್ಣ ಹೊಡೆಸಿಕೊಳ್ಳುವುದು. (ಇಲ್ಲಿ ಬೆಳ್ಳಗಾಗಲು ಕೊಡುವ ಹಣವನ್ನು ಅಲ್ಲಿ ಕಪ್ಪಾಗಲು ಕೊಡುತ್ತಾರೆ.) ಅವಳೂ ಫೋನಿನಲ್ಲಿ ನನ್ನಂತೆಯೇ ಲೆಕ್ಕ ಒಪ್ಪಿಸಿದಳು. ಆದರೆ ಅವಳ ಒಂದು ಮಾತು ನನಗೆ ಉಪಯೋಗಕ್ಕೆ ಬಂತು. ಹಿಂದಿನ ವರ್ಷದವರು ಬಿಟ್ಟುಹೋದ ಗೌನುಗಳನ್ನು ತೂಗುಹಾಕಿ, ಬೇಕಾದವರಿಗೆ ಪುಕ್ಕಟೆ ಕೊಡುವ ಶಾಲೆಗಳು ಅಲ್ಲಿವೆಯಂತೆ.

ಅಂದಿನಿಂದ ಅಂಗಡಿಯ ಮೂಲೆಯಲ್ಲಿ ನನ್ನ ಅಜ್ಜಿಯ ತಗಡಿನ ಪೆಟ್ಟಿಗೆ ಇಟ್ಟಿದ್ದೇನೆ. ಉಟ್ಟು ಮುಗಿದ ಸೆಂಡ್ ಆಫ್ ಸೀರೆಯನ್ನು ರವಿಕೆ ಸಮೇತ ತಂದು ಹಾಕಬಹುದು, ಬೇಕಾದವರು ಒಯ್ಯಬಹುದು. ಒಗೆದು ಇಸ್ತ್ರಿ ಮಾಡಿ ತಂದುಕೊಟ್ಟರೆ ಸಾಕು, ಹೆಸರು ಬರೆದುಕೊಳ್ಳುವುದಿಲ್ಲ. ಅಳತೆ ಕೊಡಲು ಬಂದವರಂತೆಯೇ ಬಂದು ಹೋದರೆ ಹೊರಗಿನವರಿಗೆ ತಿಳಿಯುವುದೂ ಇಲ್ಲ. ನಿಮ್ಮೂರಿನ ಹೊಲಿಗೆಯವರನ್ನು ಕೇಳಿ ನೋಡಿ, ಜಾಗ ಇದ್ದರೆ ಒಪ್ಪುತ್ತಾರೆ.

ಕಿರಿಯಳ ಲೆಕ್ಕ ಹೇಳುವುದನ್ನು ಮರೆತೆ. ಲೈನಿಂಗ್ 60, ಫಾಲ್ಸ್ 70, ಪಿನ್ ಮತ್ತು ಕ್ಲಿಪ್ 40, ಪಿರಿವು 650, ಫೋಟೋ 150, ಕಿವಿಯ ಜುಮುಕಿ 120, ಗೆಳತಿಯರ ಜೊತೆ ಐಸ್‌ಕ್ರೀಮು, ಬಸ್ಸು ಸೇರಿ 300. ಒಟ್ಟು 1,390. ಟೀ ಶರ್ಟ್ ಬೇಕೆಂದು ಎರಡು ದಿನ ಮುನಿಸಿಕೊಂಡಿದ್ದಳು, ಅದನ್ನೂ ಬರೆದಿಟ್ಟಿದ್ದೇನೆ.

ರವಿಕೆ ಸರಿಪಡಿಸಲು ತರುವವರು ಜನವರಿ 20ರ ಒಳಗೆ ತನ್ನಿ, ಆಮೇಲೆ ಮದುವೆಯ ಬಟ್ಟೆ ಬೀಳುತ್ತದೆ. ಮುಂದಿನ ವರ್ಷದವರು ಬಣ್ಣ ತೀರ್ಮಾನಿಸುವ ಮೊದಲು ಒಮ್ಮೆ ಪೆಟ್ಟಿಗೆ ತೆರೆದು ನೋಡಿಕೊಂಡು ಹೋಗಲಿ. ಸದ್ಯಕ್ಕೆ ಹಸಿರು ಮೂರೇ ಇವೆ. ನೇರಳೆ ಬೇಕಾದಷ್ಟಿದೆ, ಎರಡೂ ಛಾಯೆಯಲ್ಲಿ.